ವೈದ್ಯ ಸಂಶೋಧಕರ ಹಿರಿಮೆಯನ್ನು ಅಳೆಯುವುದು ಹೇಗೆ? ಡಾ. ಶಂಭುನಾಥ ಡೇ ಅವರ ಕಾಲರಾ ಸಂಶೋಧನೆ

ಶ್ರೀಮಠದ ಸದ್ಭಕ್ತರಲ್ಲಿ ಹಲವರು ಈಚೆಗೆ ನಮ್ಮಲ್ಲಿ ಹೊಸ ಬಗೆಯ ಪ್ರಶ್ನೆಯೊಂದನ್ನು ಕೇಳತೊಡಗಿದ್ದಾರೆ. ಮಂಡಿನೋವಿಗೆ ಯಾವ ತೈಲ, ಮಧುಮೇಹಕ್ಕೆ ಯಾವ ಪಥ್ಯ ಎಂಬ ಪ್ರಶ್ನೆಗಳು ಹಿಂದಿನಿಂದಲೂ ಇದ್ದವು. ಈಗ ಔಷಧದ ಕರಪತ್ರವನ್ನೋ ಮೊಬೈಲಿಗೆ ಬಂದ ಜಾಹೀರಾತನ್ನೋ ಮುಂದೆ ಹಿಡಿದು, ‘ಈ ಡಾಕ್ಟರರು ಇನ್ನೂರು ಸಂಶೋಧನಾ ಲೇಖನ ಬರೆದಿದ್ದಾರಂತೆ, ಜಗತ್ತಿನ ಐದು ಸಾವಿರ ಲೇಖನಗಳಲ್ಲಿ ಇವರ ಹೆಸರು ಬಂದಿದೆಯಂತೆ, ಹಾಗಾದರೆ ಇವರ ಔಷಧವನ್ನು ನಂಬಬಹುದಲ್ಲವೆ?’ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಸಂಖ್ಯೆಯನ್ನು ನಂಬಿ ರೋಗಿಯು ತಾನು ಸೇವಿಸುತ್ತಿದ್ದ ಔಷಧವನ್ನು ನಿಲ್ಲಿಸಿಬಿಟ್ಟರೆ ಪ್ರಾಣಕ್ಕೆ ಸಂಚಕಾರ ಬರಬಹುದು. ಆದಕಾರಣ ಈ ಸಂಚಿಕೆಯಲ್ಲಿ ಆಹಾರ-ವಿಹಾರಗಳ ವಿಚಾರವನ್ನು ಬದಿಗಿರಿಸಿ, ಸಂಶೋಧಕರ ಬರವಣಿಗೆಯ ಲೆಕ್ಕವೆಂದರೇನು, ಅದು ಎಷ್ಟರಮಟ್ಟಿಗೆ ಸತ್ಯವನ್ನು ಹೇಳುತ್ತದೆ ಎಂಬುದನ್ನು ವಿವರಿಸಲು ಬಯಸುತ್ತೇವೆ.

ವೈದ್ಯನೊಬ್ಬನು ಪ್ರಯೋಗದಿಂದಲೋ ರೋಗಿಗಳ ಅವಲೋಕನದಿಂದಲೋ ಹೊಸ ಸಂಗತಿಯನ್ನು ಕಂಡುಕೊಂಡರೆ, ಅದನ್ನು ಮಾಡಿದ ಬಗೆ, ದೊರೆತ ಫಲ, ಅದರಿಂದ ತಾನು ಮಾಡಿದ ಊಹೆ ಇಷ್ಟನ್ನೂ ಬರೆದು ವೈದ್ಯಕೀಯ ಪತ್ರಿಕೆಯೊಂದಕ್ಕೆ ಕಳುಹಿಸುತ್ತಾನೆ. ಸಂಪಾದಕರು ಅದನ್ನು ಅದೇ ವಿಷಯದಲ್ಲಿ ಪಳಗಿದ ಇಬ್ಬರೋ ಮೂವರೋ ವಿದ್ವಾಂಸರಿಗೆ ಕೊಟ್ಟು ಪರಿಶೀಲಿಸುತ್ತಾರೆ. ಅವರು ಒಪ್ಪಿದರೆ ಅಚ್ಚಾಗುತ್ತದೆ. ಮುಂದೆ ಬೇರೊಬ್ಬ ಸಂಶೋಧಕನು ತನ್ನ ಲೇಖನದಲ್ಲಿ ‘ಈ ಸಂಗತಿಯನ್ನು ಇಂಥವರು ಇಂಥ ವರ್ಷ ತೋರಿಸಿದ್ದಾರೆ’ ಎಂದು ಹೆಸರು ಹೇಳಿದರೆ ಅದು ಉಲ್ಲೇಖ. ಹೀಗೆ ಎಷ್ಟು ಬಾರಿ ಹೆಸರು ಬಂದಿತೆಂಬ ಎಣಿಕೆಯನ್ನೇ ಜಾಹೀರಾತಿನವರು ಕಿರೀಟದಂತೆ ಮೆರೆಸುತ್ತಿರುವುದು.

ಹೆಸರು ಹೇಳಿ ಮಾತನಾಡುವ ಪದ್ಧತಿ ನಮಗೆ ಹೊಸತಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ ರಸಗಳೆಷ್ಟು ಎಂಬ ಚರ್ಚೆ ನಡೆಯುತ್ತದೆ. ಭದ್ರಕಾಪ್ಯನು ಒಂದೇ ಎನ್ನುತ್ತಾನೆ, ಶಾಕುಂತೇಯನು ಎರಡು ಎನ್ನುತ್ತಾನೆ, ಪೂರ್ಣಾಕ್ಷ ಮೌದ್ಗಲ್ಯನು ಮೂರು ಎನ್ನುತ್ತಾನೆ. ಹೀಗೆ ಏರುತ್ತ ಹೋಗಿ ಬಾಹ್ಲೀಕ ದೇಶದ ಕಾಂಕಾಯನನು ರಸಗಳಿಗೆ ಲೆಕ್ಕವೇ ಇಲ್ಲವೆನ್ನುತ್ತಾನೆ. ಕೊನೆಗೆ ಪುನರ್ವಸು ಆತ್ರೇಯರು ಆರೇ ರಸಗಳೆಂದು ನಿರ್ಣಯಿಸುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಒಪ್ಪಿಗೆಯಾಗದ ಮತಗಳನ್ನೂ ಅವರವರ ಹೆಸರಿನಲ್ಲೇ ಉಳಿಸಿಕೊಂಡಿರುವುದು. ಶರಣರ ವಚನಗಳಲ್ಲಿಯೂ ಅಂಕಿತವಿರುವುದರಿಂದಲೇ ಯಾವ ನುಡಿ ಯಾರದೆಂದು ಇಂದಿಗೂ ಗುರುತಿಸಲು ಸಾಧ್ಯವಾಗಿದೆ. ಆದರೆ ಚರಕದಲ್ಲಿ ಕಾಂಕಾಯನನ ಹೆಸರು ಬಂದಿದೆ ಎಂದ ಮಾತ್ರಕ್ಕೆ ಅವನ ಮತವು ಸಿದ್ಧಾಂತವಾಯಿತೆಂದು ಯಾರೂ ಹೇಳುವುದಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಉಲ್ಲೇಖಗಳನ್ನು ಎಣಿಸುವ ಕೆಲಸಕ್ಕೆ ಕ್ರಮಬದ್ಧ ರೂಪ ಕೊಟ್ಟವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1955ರಲ್ಲಿ ಅವರು ಈ ಆಲೋಚನೆಯನ್ನು ಮುಂದಿಟ್ಟರು, 1964ರಲ್ಲಿ ಅವರ ಸಂಸ್ಥೆಯು ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಎಂಬ ಬೃಹತ್ ಸೂಚಿಯನ್ನು ಹೊರತಂದಿತು. ಗ್ರಂಥಾಲಯದಲ್ಲಿ ಬೇಕಾದ ಲೇಖನವನ್ನು ಹುಡುಕಲು ದಾರಿ ತೋರಿಸುವುದು ಅದರ ಮೊದಲ ಉದ್ದೇಶ. ಮನುಷ್ಯರನ್ನು ತೂಗುವ ತಕ್ಕಡಿಯಾಗಿ ಅದು ಬಳಕೆಗೆ ಬಂದದ್ದು ಆಮೇಲೆ. 2005ರಲ್ಲಿ ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿಯು ಎಚ್-ಸೂಚ್ಯಂಕವೆಂಬ ಇನ್ನೊಂದು ಲೆಕ್ಕವನ್ನು ಸೂಚಿಸಿದರು. ಒಬ್ಬರ ಹತ್ತು ಲೇಖನಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದು, ಹನ್ನೊಂದು ಲೇಖನಗಳು ತಲಾ ಹನ್ನೊಂದರ ಮಟ್ಟವನ್ನು ಮುಟ್ಟದಿದ್ದರೆ ಅವರ ಸೂಚ್ಯಂಕ 10. ಇದರಲ್ಲೊಂದು ವಿಚಿತ್ರವಿದೆ. ಜೀವಮಾನದಲ್ಲಿ ಮೂರೇ ಲೇಖನ ಬರೆದು, ಮೂರನ್ನೂ ಜಗತ್ತೇ ಉಲ್ಲೇಖಿಸಿದರೂ ಆ ವ್ಯಕ್ತಿಯ ಸೂಚ್ಯಂಕ ಮೂರನ್ನು ದಾಟುವುದಿಲ್ಲ.

ಈ ಲೆಕ್ಕಾಚಾರದ ಬಲಾಬಲಗಳನ್ನು ಅರಿಯಲು ಕಲ್ಕತ್ತೆಯ ಡಾ. ಶಂಭುನಾಥ ಡೇ ಅವರ ವೃತ್ತಾಂತಕ್ಕಿಂತ ಉತ್ತಮವಾದ ಉದಾಹರಣೆ ನಮಗೆ ತೋರದು.

ಡೇ ಅವರು 1915ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ ಜನಿಸಿದರು. 1939ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಿಂದ ವೈದ್ಯ ಪದವಿ ಪಡೆದು, ಲಂಡನ್ನಿನಲ್ಲಿ ಸರ್ ರಾಯ್ ಕ್ಯಾಮರನ್ ಅವರ ಬಳಿ ರೋಗವಿಜ್ಞಾನವನ್ನು ಅಭ್ಯಸಿಸಿ, 1949ರಲ್ಲಿ ಡಾಕ್ಟರೇಟ್ ಪಡೆದು ತಾಯ್ನಾಡಿಗೆ ಮರಳಿದರು. ಆಗ ಕಲ್ಕತ್ತೆಯಲ್ಲಿ ಕಾಲರಾ ವರ್ಷವರ್ಷವೂ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ನಮ್ಮ ನಾಡಿನ ಹಿರಿಯರೂ ವಾಂತಿಭೇದಿಯ ಬೇನೆಯೆಂದು ಅಂಜುತ್ತಿದ್ದುದು ಇದಕ್ಕೇ. ಅಕ್ಕಿ ತೊಳೆದ ನೀರಿನಂಥ ಭೇದಿ ಗಂಟೆಗೆ ಒಂದು ಲೀಟರಿನಷ್ಟು ಹೋಗುವುದುಂಟು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಯೊಳಗೆ ಕಣ್ಣು ಗುಳಿಬಿದ್ದು, ಚರ್ಮ ಸುಕ್ಕುಗಟ್ಟಿ, ನಾಡಿ ಸಿಗದಂತಾಗುತ್ತಾನೆ. ಚಿಕಿತ್ಸೆಯಿಲ್ಲದಿದ್ದರೆ ತೀವ್ರ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಉಳಿಯುವುದಿಲ್ಲ.

1884ರಲ್ಲಿ ರಾಬರ್ಟ್ ಕಾಖ್ ಅವರು ಇದೇ ಕಲ್ಕತ್ತೆಯಲ್ಲಿ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ರೋಗಾಣುವನ್ನು ಬೇರ್ಪಡಿಸಿ, ಅದು ಯಾವುದೋ ವಿಷವನ್ನು ಸ್ರವಿಸುತ್ತಿರಬೇಕೆಂದು ಊಹಿಸಿದ್ದರು. ಆ ವಿಷವನ್ನು ತೋರಿಸಿಕೊಡುವುದು ಮಾತ್ರ ಮುಂದೆ ಎಪ್ಪತ್ತು ವರ್ಷವಾದರೂ ಸಾಧ್ಯವಾಗಿರಲಿಲ್ಲ. ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೆ ಅಥವಾ ಹೊಟ್ಟೆಯ ಪೊರೆಯೊಳಗೆ ಚುಚ್ಚಿ ನೋಡುತ್ತಿದ್ದರು. ಪ್ರಾಣಿಗಳು ಸಾಯುತ್ತಿದ್ದವು, ಆದರೆ ಮನುಷ್ಯರಿಗೆ ಆಗುವಂಥ ಭೇದಿ ಆಗುತ್ತಿರಲಿಲ್ಲ. ಡೇ ಅವರ ಆಲೋಚನೆ ಬಹಳ ಸರಳ. ರೋಗವು ಕರುಳಿನಲ್ಲಿ ತೋರುವುದರಿಂದ ಕರುಳಿನಲ್ಲಿಯೇ ನೋಡಬೇಕು. ಅವರು ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ನಡುವಿನ ಭಾಗಕ್ಕೆ ಕಾಲರಾ ರೋಗಾಣುಗಳನ್ನು ಸೇರಿಸಿದರು. ಮರುದಿನ ನೋಡಿದರೆ ಆ ತುಂಡು ನೀರು ತುಂಬಿ ಉಬ್ಬಿಕೊಂಡಿತ್ತು. ಒಬ್ಬ ಸಹೋದ್ಯೋಗಿಯೊಡನೆ ಬರೆದ ಈ ಲೇಖನ 1953ರಲ್ಲಿ ಇಂಗ್ಲೆಂಡಿನ ರೋಗವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಮೂಕ ಪ್ರಾಣಿಗಳನ್ನು ಹೀಗೆ ಬಳಸುವ ಮಾತನ್ನು ಬರೆಯುವಾಗ ನಮ್ಮ ಮನಸ್ಸು ಅಳುಕುತ್ತದೆ. ಆದರೂ ಆ ಮೊಲಗಳಿಂದ ಮನುಕುಲ ಪಡೆದದ್ದನ್ನು ಮರೆಮಾಚುವುದು ಸರಿಯಲ್ಲ.

1959ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದು ರೋಗಾಣುವೂ ಉಳಿಯದಂತೆ ಮಾಡಿ, ಆ ಬರಿಯ ದ್ರವವನ್ನು ಕಟ್ಟಿದ ಕರುಳಿಗೆ ಸೇರಿಸಿದರು. ಆಗಲೂ ನೀರು ತುಂಬಿತು. ಅಂದರೆ ಕೇಡು ಮಾಡುವುದು ರೋಗಾಣು ಹೊರಗೆ ಬಿಡುವ ವಿಷವೆಂಬುದು ಸಿದ್ಧವಾಯಿತು. ಈ ಪುಟ್ಟ ಲೇಖನವನ್ನು ‘ನೇಚರ್’ ಪತ್ರಿಕೆ ಪ್ರಕಟಿಸಿತು. ಅದೇ ವರ್ಷ ಮುಂಬಯಿಯ ಹಾಫ್ಕಿನ್ ಸಂಸ್ಥೆಯಲ್ಲಿ ಎನ್. ಕೆ. ದತ್ತ ಮತ್ತು ಅವರ ಸಂಗಡಿಗರು ಮೊಲದ ಮರಿಗಳಲ್ಲಿ ಬೇರೆ ದಾರಿಯಿಂದ ಇದೇ ವಿಷಯವನ್ನು ಅರಸುತ್ತಿದ್ದರೆಂಬುದನ್ನೂ ಹೇಳಬೇಕು. ಎರಡು ನಗರಗಳಲ್ಲಿ ಸ್ವತಂತ್ರವಾಗಿ ಒಂದೇ ದಿಕ್ಕಿನ ಫಲ ಕಂಡಿತೆಂದರೆ ಅದರ ಬೆಲೆ ಇಮ್ಮಡಿಯಾಗುತ್ತದೆ.

ಇಂಥ ಲೇಖನ ಬಂದ ಕೂಡಲೇ ಜಗತ್ತು ಕೊಂಡಾಡಿತೆಂದು ಓದುಗರು ಊಹಿಸಬಹುದು. ಹಾಗಾಗಲಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಅದನ್ನು ಉಲ್ಲೇಖಿಸಿದವರು ಬೆರಳೆಣಿಕೆಯ ಮಂದಿ. ಕಾಲರಾ ಬಡ ದೇಶಗಳ ರೋಗವಾಗಿತ್ತು. ಸಿರಿವಂತ ದೇಶಗಳ ಪ್ರಯೋಗಾಲಯಗಳಿಗೆ ಅದರ ತುರ್ತು ಇರಲಿಲ್ಲ. 1961ರಲ್ಲಿ ಇಂಡೋನೇಷ್ಯಾದಿಂದ ಕಾಲರಾದ ಏಳನೆಯ ಮಹಾಪಿಡುಗು ಹೊರಟು ಖಂಡಾಂತರಗಳಿಗೆ ಹರಡತೊಡಗಿದ ಮೇಲೆ ಎಲ್ಲರ ಗಮನ ಇತ್ತ ಹರಿಯಿತು. 1969ರಲ್ಲಿ ಅಮೆರಿಕದ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲುಟೊ ಅವರು ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅಲ್ಲಿಂದ ಮುಂದೆ ಡೇ ಅವರ ಹೆಸರಿನ ಉಲ್ಲೇಖಗಳು ಏರುತ್ತಲೇ ಹೋದವು. ಕರುಳನ್ನು ಕಟ್ಟಿ ಪರೀಕ್ಷಿಸುವ ಅವರ ವಿಧಾನವು ಬೇರೆ ಭೇದಿರೋಗಗಳ ಅಧ್ಯಯನಕ್ಕೂ ಮಾದರಿಯಾಯಿತು.

ಇಷ್ಟರಲ್ಲಿ ಇನ್ನೊಂದು ಸೋಜಿಗವೂ ಬೆಳಕಿಗೆ ಬಂದಿತು. ಮೊಲದ ಕರುಳನ್ನು ಕಟ್ಟಿ ನೋಡುವ ಪ್ರಯೋಗವನ್ನು 1915ರಲ್ಲಿಯೇ, ಅಂದರೆ ಡೇ ಅವರು ಹುಟ್ಟಿದ ವರ್ಷವೇ, ವಿಯೋಲ್ ಮತ್ತು ಕ್ರೆಂಡಿರೊಪುಲೊ ಎಂಬಿಬ್ಬರು ಮಾಡಿ ಫ್ರೆಂಚ್ ಭಾಷೆಯಲ್ಲಿ ಬರೆದಿದ್ದರು. ಯಾರೂ ಉಲ್ಲೇಖಿಸದೆ ಅದು ಕಪಾಟಿನಲ್ಲಿ ಧೂಳು ಹಿಡಿದಿತ್ತು. ಅದನ್ನು ಯಾರಾದರೂ ಮುಂದುವರಿಸಿದ್ದರೆ ನಾಲ್ಕು ದಶಕಗಳಷ್ಟು ಕಾಲ ಉಳಿಯುತ್ತಿತ್ತು. ಆ ನಾಲ್ಕು ದಶಕಗಳಲ್ಲಿ ಕಾಲರಾಕ್ಕೆ ತುತ್ತಾದವರನ್ನು ನೆನೆದರೆ, ಉಲ್ಲೇಖವೆಂಬುದು ಕೇವಲ ಕೀರ್ತಿಯ ವಿಷಯವಲ್ಲವೆಂದು ನಮಗೆ ತೋರುತ್ತದೆ.

1978ರಲ್ಲಿ ಸ್ವೀಡನ್ನಿನ ನೊಬೆಲ್ ಪ್ರತಿಷ್ಠಾನವು ಕಾಲರಾ ಮುಂತಾದ ಭೇದಿರೋಗಗಳ ಕುರಿತು ವಿದ್ವತ್ಸಭೆ ನಡೆಸಿ ಡೇ ಅವರನ್ನು ಆಹ್ವಾನಿಸಿತು. ಅರವತ್ತರ ದಶಕದಲ್ಲಿಯೇ ಸತ್ತುಹೋಗಿದ್ದ ತನ್ನನ್ನು ಈ ಸಭೆಯವರು ಅಗೆದು ಹೊರತೆಗೆದಿದ್ದಾರೆಂಬ ಅರ್ಥದ ಮಾತನ್ನು ಅವರು ಅಲ್ಲಿ ಆಡಿದರು. ನೊಬೆಲ್ ಪುರಸ್ಕೃತರಾದ ಜೋಶುವಾ ಲೆಡರ್‌ಬರ್ಗ್ ಅವರು ಡೇ ಅವರ ಹೆಸರನ್ನು ಆ ಪುರಸ್ಕಾರಕ್ಕೆ ಸೂಚಿಸಿದ್ದೂ ಉಂಟು. ಆದರೆ ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ, ದೊಡ್ಡ ಪ್ರಶಸ್ತಿಯೊಂದೂ ಬರಲಿಲ್ಲ. 1973ರಲ್ಲಿ ನಿವೃತ್ತರಾಗಿ, 1985ರ ಏಪ್ರಿಲಿನಲ್ಲಿ ತೀರಿಕೊಂಡರು. ಮರುವರ್ಷವೇ ಉಲ್ಲೇಖಗಳ ಲೆಕ್ಕ ಕಲಿಸಿದ ಗಾರ್ಫೀಲ್ಡ್ ಅವರು ಕಾಲರಾ ಸಂಶೋಧನೆಯ ಇಡೀ ನಕ್ಷೆಯನ್ನು ಬಿಡಿಸಿ, ಅದರಲ್ಲಿ ಡೇ ಅವರ ಸ್ಥಾನವನ್ನು ವಿವರಿಸುವ ಲೇಖನ ಬರೆದರು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯು 1990ರಲ್ಲಿ ಅವರಿಗಾಗಿ ವಿಶೇಷ ಸಂಚಿಕೆಯನ್ನು ತಂದಿತು. ಅವರ ಲೇಖನಗಳ ಪಟ್ಟಿ ಉದ್ದವಾದದ್ದಲ್ಲ. ಇಂದಿನ ಯುವ ಪ್ರಾಧ್ಯಾಪಕರು ಕೆಲವರು ಅದನ್ನು ನೋಡಿದರೆ ‘ಇಷ್ಟೆಯೇ?’ ಎಂದಾರು.

ಡೇ ಅವರ ಶೋಧದ ಫಲ ನಮ್ಮ ನಿಮ್ಮ ಮನೆಗಳಲ್ಲಿಯೂ ಇದೆ. ಕಾಲರಾದ ವಿಷವು ಕರುಳಿನ ಕೋಶಗಳನ್ನು ಕೊಲ್ಲುವುದಿಲ್ಲ. ಅವು ಉಪ್ಪನ್ನೂ ನೀರನ್ನೂ ಹೊರಕ್ಕೆ ಸುರಿಯುವಂತೆ ಮಾಡುತ್ತದೆ, ಅಷ್ಟೆ. ಸಕ್ಕರೆಯ ಜೊತೆಗೆ ಉಪ್ಪನ್ನು ಒಳಕ್ಕೆ ಎಳೆದುಕೊಳ್ಳುವ ಬೇರೆ ಬಾಗಿಲು ಆಗಲೂ ತೆರೆದೇ ಇರುತ್ತದೆ. ಹೀಗಾಗಿ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸಿದರೆ ದೇಹ ಅದನ್ನು ಹೀರಿಕೊಳ್ಳುತ್ತದೆ. 1971ರ ಬಾಂಗ್ಲಾ ಯುದ್ಧಕಾಲದಲ್ಲಿ ಬೋನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಈ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ಶೇಕಡಾ 30ರಷ್ಟಿದ್ದದ್ದು 3.6ಕ್ಕೆ ಇಳಿಯಿತು. ಜಾತ್ರೆ, ದಾಸೋಹದ ದಿನಗಳಲ್ಲಿ, ಮಳೆಗಾಲದ ಹೊಸ ನೀರಿನ ಕಾಲದಲ್ಲಿ ಇದು ಎಲ್ಲರಿಗೂ ತಿಳಿದಿರಲಿ: ಔಷಧದಂಗಡಿಯ ಓಆರ್‌ಎಸ್ ಪುಡಿ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹಾ ಚಮಚದಲ್ಲಿ ಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ನಮ್ಮ ಗ್ರಂಥಗಳು ವಿಸೂಚಿಕಾ ಎಂದು ಅಜೀರ್ಣಮೂಲದ ವಾಂತಿಭೇದಿಯನ್ನು ವಿವರಿಸಿವೆ. ಆದರೆ ಅಕ್ಕಿ ತೊಳೆದ ನೀರಿನಂಥ ಭೇದಿ ಕಂಡಾಗ ಕಷಾಯ ಕಾಯಿಸುತ್ತ ಕೂರಬಾರದು. ಈ ನೀರನ್ನು ಕುಡಿಸುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಇದಕ್ಕೆ ತದ್ವಿರುದ್ಧವಾದ ಉದಾಹರಣೆ. ಜರ್ಮನಿಯ ಅರಿವಳಿಕೆ ತಜ್ಞ ಯೋಆಖಿಮ್ ಬೋಲ್ಟ್ ಅವರು ನೂರಾರು ಲೇಖನಗಳ ಒಡೆಯರಾಗಿದ್ದರು. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ರಕ್ತನಾಳಕ್ಕೆ ಕೊಡುವ ಪಿಷ್ಟದ ದ್ರಾವಣವೊಂದು ಸುರಕ್ಷಿತವೆಂದು ಅವರು ಮತ್ತೆ ಮತ್ತೆ ಬರೆದರು, ಉಲ್ಲೇಖಗಳೂ ಧಾರಾಳವಾಗಿ ಬಂದವು. 2009ರ ಅವರ ಲೇಖನವೊಂದರ ಅಂಕಿಗಳು ಸಹಜಕ್ಕಿಂತ ಹೆಚ್ಚು ನೇರ್ಪಾಗಿವೆಯೆಂದು ಓದುಗ ವೈದ್ಯರಿಗೆ ಸಂಶಯ ಬಂದಿತು. ವಿಚಾರಣೆ ನಡೆದು 2011ರಲ್ಲಿ ಸುಮಾರು 90 ಲೇಖನಗಳನ್ನು ಪತ್ರಿಕೆಗಳು ಹಿಂದೆಗೆದುಕೊಂಡವು. 2013ರಲ್ಲಿ ಬೇರೆ ವಿದ್ವಾಂಸರು ಅವರ ಲೇಖನಗಳನ್ನು ಕೈಬಿಟ್ಟು ಉಳಿದ ಪ್ರಯೋಗಗಳನ್ನಷ್ಟೇ ಒಟ್ಟುಗೂಡಿಸಿ ನೋಡಿದಾಗ, ತೀವ್ರ ಅಸ್ವಸ್ಥರಲ್ಲಿ ಆ ದ್ರಾವಣವು ಮೂತ್ರಪಿಂಡಗಳ ಕೇಡಿಗೂ ಹೆಚ್ಚಿನ ಮರಣಕ್ಕೂ ಸಂಬಂಧಪಟ್ಟಿರುವುದು ಕಂಡಿತು. ಒಬ್ಬರ ಉದ್ದನೆಯ ಪಟ್ಟಿಯು ಎಷ್ಟು ಕಾಲ ಎಷ್ಟು ವೈದ್ಯರ ಕಣ್ಣಿಗೆ ಪರದೆ ಹಾಕಿತ್ತು ನೋಡಿ.

ಉಲ್ಲೇಖವೆಲ್ಲ ಹೊಗಳಿಕೆಯೂ ಅಲ್ಲ. ಮಕ್ಕಳ ಲಸಿಕೆಯೊಂದನ್ನು ಆಟಿಸಂ ಎಂಬ ಸ್ಥಿತಿಗೆ ತಳುಕು ಹಾಕಿದ ಆ್ಯಂಡ್ರೂ ವೇಕ್‌ಫೀಲ್ಡ್ ಅವರ 1998ರ ಲೇಖನವನ್ನು, ಅದು ಕೇವಲ 12 ಮಕ್ಕಳ ವಿವರಗಳನ್ನು ಆಧರಿಸಿದ್ದರೂ, ಅಸಂಖ್ಯ ಮಂದಿ ಉಲ್ಲೇಖಿಸಿದರು. ಬಹುಪಾಲು ಅಲ್ಲಗಳೆಯುವುದಕ್ಕಾಗಿ. 2010ರಲ್ಲಿ ‘ಲ್ಯಾನ್ಸೆಟ್’ ಅದನ್ನು ಹಿಂದೆಗೆದುಕೊಂಡಿತು. ಎಣಿಸುವ ಯಂತ್ರಕ್ಕೆ ಮಂಡನೆಯೂ ಒಂದೇ, ಖಂಡನೆಯೂ ಒಂದೇ. ಕಾಂಕಾಯನನ ಮಾತನ್ನು ನೆನಪಿಡಿರೆಂದು ಹೇಳಿದ್ದು ಇದಕ್ಕಾಗಿಯೇ.

ನಮ್ಮ ಆಯುರ್ವೇದದ ಮಾತಿಗೆ ಬರೋಣ. ಸರ್ಪಗಂಧದ ಬೇರು ಹುಚ್ಚು ಮತ್ತು ರಕ್ತದೊತ್ತಡಗಳಲ್ಲಿ ಉಪಯುಕ್ತವೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿ ಭಾರತದ ಪತ್ರಿಕೆಯೊಂದರಲ್ಲಿ ಬರೆದರು. ಹೊರಗಿನವರು ಕಿವಿಗೊಡಲಿಲ್ಲ. 1949ರಲ್ಲಿ ಮುಂಬಯಿಯ ಹೃದಯತಜ್ಞ ಡಾ. ರುಸ್ತುಂ ಜಾಲ್ ವಕೀಲ್ ಅವರು ತಮ್ಮ ರೋಗಿಗಳ ವಿವರಗಳನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದಾಗ ಅಮೆರಿಕದವರು ಓದಿದರು, ಪರೀಕ್ಷಿಸಿದರು, 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರ ಸಾರವಾದ ರಿಸರ್ಪೀನನ್ನು ಬೇರ್ಪಡಿಸಿದರು, 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂದಿತು. ಬೇರು ಅದೇ, ಗುಣವೂ ಅದೇ. ಅಚ್ಚಾದ ಸ್ಥಳ ಬೇರೆ, ವಿವರಿಸಿದ ಬಗೆ ಬೇರೆ. ಇದು ಅನ್ಯಾಯವೆಂದು ನಮ್ಮವರು ದೂರುತ್ತಾರೆ, ಸ್ವಲ್ಪ ಮಟ್ಟಿಗೆ ಹೌದು. ಆದರೆ ಎಷ್ಟು ರೋಗಿಗಳು, ಎಷ್ಟು ಪ್ರಮಾಣ, ಎಷ್ಟು ವಾರದಲ್ಲಿ ಎಷ್ಟು ಇಳಿಕೆ ಎಂಬುದನ್ನು ಬಿಡಿಬಿಡಿಯಾಗಿ ಬರೆದಿಟ್ಟಾಗ ಮಾತ್ರ ದೂರದವನು ಅದನ್ನು ಪರೀಕ್ಷಿಸಬಲ್ಲನು ಎಂಬುದನ್ನೂ ಒಪ್ಪಬೇಕು. ನಮ್ಮ ವೈದ್ಯಬಂಧುಗಳು ಇಂಥ ಬರವಣಿಗೆಯಲ್ಲಿ ಇನ್ನೂ ಹಿಂದಿದ್ದೇವೆ.

ಹಿಂದಿರುವುದು ಒಂದೆಡೆಯಾದರೆ, ಬಡ್ತಿಗೆ ಲೇಖನಗಳಿರಬೇಕೆಂಬ ನಿಯಮದಿಂದ ಹುಟ್ಟಿಕೊಂಡ ವ್ಯಾಪಾರ ಇನ್ನೊಂದೆಡೆ. ಹಣ ಕಟ್ಟಿದರೆ ವಾರದೊಳಗೆ ಏನನ್ನಾದರೂ ಅಚ್ಚುಮಾಡುವ ಪತ್ರಿಕೆಗಳಿವೆ. ನಾವು ಜನ್ಮದಲ್ಲಿ ಮುಟ್ಟದ ವಿಷಯಗಳ ಮೇಲೆ ‘ಪರಮಪೂಜ್ಯ ಪ್ರಾಧ್ಯಾಪಕರೇ’ ಎಂದು ಸಂಬೋಧಿಸಿ ಲೇಖನ ಬೇಡುವ ಪತ್ರಗಳು ನಮಗೂ ಬರುತ್ತವೆ. 2018ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ತನ್ನ ಪಟ್ಟಿಯಿಂದ 4,000ಕ್ಕೂ ಹೆಚ್ಚು ಪತ್ರಿಕೆಗಳನ್ನು ತೆಗೆದುಹಾಕಿತೆಂದರೆ ಕಳೆ ಎಷ್ಟು ಬೆಳೆದಿತ್ತೆಂದು ತಿಳಿಯುತ್ತದೆ. ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಳ್ಳುವ ಗುಂಪುಗಳೂ ಉಂಟು, ತಮ್ಮನ್ನು ತಾವೇ ಉಲ್ಲೇಖಿಸಿಕೊಳ್ಳುವ ಏಕಾಂಗವೀರರೂ ಉಂಟು.

ಹಾಗಾದರೆ ಕರಪತ್ರ ಕೈಗೆ ಬಂದಾಗ ಭಕ್ತರು ಮಾಡಬೇಕಾದುದೇನು? ಲೇಖನಗಳೆಷ್ಟು ಎಂಬುದನ್ನು ಬಿಟ್ಟು, ಈ ಔಷಧದ ಬಗೆಗಿನ ಲೇಖನ ಯಾವುದು ಎಂದು ಕೇಳಬೇಕು. ಎಷ್ಟೋ ಬಾರಿ ಇನ್ನೂರು ಲೇಖನಗಳಲ್ಲಿ ಆ ಔಷಧದ ಮೇಲೆ ಒಂದೂ ಇರುವುದಿಲ್ಲ. ಇದ್ದರೆ, ಪ್ರಯೋಗ ನಡೆದದ್ದು ಇಲಿಗಳ ಮೇಲೋ ಮನುಷ್ಯರ ಮೇಲೋ, ಮನುಷ್ಯರಾದರೆ ಹತ್ತು ಜನವೋ ಐನೂರು ಜನವೋ, ಔಷಧ ಕೊಡದ ಇನ್ನೊಂದು ಗುಂಪಿನೊಡನೆ ಹೋಲಿಸಿದ್ದಾರೋ ಇಲ್ಲವೋ ಎಂಬುದನ್ನು ವಿಚಾರಿಸಬೇಕು. ಖರ್ಚು ಕೊಟ್ಟವರು ಮಾರುವವರೇ ಆಗಿದ್ದರೆ ಒಂದಿಷ್ಟು ಎಚ್ಚರ ಅಗತ್ಯ. ಎಲ್ಲಕ್ಕಿಂತ ಮಿಗಿಲಾಗಿ, ಸಂಬಂಧವಿಲ್ಲದ ಬೇರೆ ಊರಿನ ವೈದ್ಯರು ಅದನ್ನು ಮತ್ತೆ ಮಾಡಿ ಅದೇ ಫಲವನ್ನು ಕಂಡಿದ್ದಾರೆಯೇ ಎಂದು ತಿಳಿಯಬೇಕು. ಡೇ ಅವರ ಮೊಲದ ಕರುಳಿನ ಪ್ರಯೋಗವನ್ನು ಯಾರು ಎಲ್ಲಿ ಮಾಡಿದರೂ ನೀರು ತುಂಬುತ್ತಿತ್ತು. ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ‘ಪಬ್‌ಮೆಡ್’ ಎಂಬ ಅಂತರಜಾಲದ ಸೂಚಿಯಲ್ಲಿ ಲೇಖನದ ಹೆಸರು ಹಾಕಿ ನೋಡುವುದು ಕಷ್ಟವಲ್ಲ. ಹಿಂದೆಗೆದುಕೊಂಡ ಲೇಖನವಾಗಿದ್ದರೆ ಅಲ್ಲಿಯೇ ಹಾಗೆಂದು ಬರೆದಿರುತ್ತಾರೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗಗಳಿಗೆ ಔಷಧ ಸೇವಿಸುತ್ತಿರುವವರು ಯಾವ ಕರಪತ್ರದ ಮಾತಿನಿಂದಲೂ ಅದನ್ನು ತಾವಾಗಿ ನಿಲ್ಲಿಸಕೂಡದು. ಅಂಥ ಕರಪತ್ರಗಳನ್ನು ಶ್ರೀಮಠದ ಉಚಿತ ತಪಾಸಣೆಯ ದಿನ ತಂದು ತೋರಿಸಿದರೆ, ಓದಿ ನೋಡಿ ನಮಗೆ ತಿಳಿದಷ್ಟನ್ನು ಹೇಳುತ್ತೇವೆ.